ತೋಟದ ಪಿಕಪ್‌ಗೆ ಯಾವ ಎಂಜಿನ್ ಆಯಿಲ್? ಹಳೆಯ ಗಾಡಿಗೂ ಬಿಎಸ್6 ಗಾಡಿಗೂ ಒಂದೇ ಬ್ಯಾರಲ್ ಸಾಕೇ?

ಸಿದ್ದಾಪುರದ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ಎರಡು ಡೀಸೆಲ್ ಪಿಕಪ್‌ಗಳಿವೆ. ಒಂದು 2014ರ ಬಿಎಸ್3 ಗಾಡಿ, ಇನ್ನೊಂದು 2021ರಲ್ಲಿ ಕೊಂಡ ಬಿಎಸ್6 ಗಾಡಿ (ಬಿಎಸ್ ಎಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ). ಹಳೆಯದು ಹೆಚ್ಚಾಗಿ ತೋಟದ ಒಳಗೇ ಓಡಾಡುತ್ತದೆ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆಗಳನ್ನು ಸಿಪ್ಪೆ ಸುಲಿಯುವ ಪಲ್ಪರ್ ಮನೆಗೂ ಕಣಕ್ಕೂ ಸಾಗಿಸುವುದು, ಉಳಿದ ತಿಂಗಳುಗಳಲ್ಲಿ ಗೊಬ್ಬರ, ಸುಣ್ಣ, ಸೌದೆ ಹೊರುವುದು ಅದರ ಕೆಲಸ. ಹೊಸದು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿಬರುತ್ತದೆ, ಆಗೊಮ್ಮೆ ಈಗೊಮ್ಮೆ ಮೈಸೂರಿಗೂ ಹೋಗುತ್ತದೆ.

ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್‌ಗಳಿಗೆಂದು ಸ್ಟೋರಿನಲ್ಲಿ 20ಡಬ್ಲ್ಯೂ-40 ಆಯಿಲ್‌ನ ಬ್ಯಾರಲ್ ತರಿಸಿಟ್ಟಿದ್ದೇವೆ. ಎರಡೂ ಪಿಕಪ್‌ಗಳಿಗೆ ಅದನ್ನೇ ಹಾಕಿದರೆ ಸಾಕೆಂದು ಡ್ರೈವರ್ ಹೇಳುತ್ತಾನೆ. ಸರ್ವಿಸ್ ಬಿಲ್ಲಿನಲ್ಲಿ ಬೇರೆ ಗ್ರೇಡ್ ಬರೆದಿದೆ, ಪೇಟೆಯ ಆಯಿಲ್ ಅಂಗಡಿಯವರು ಮೂರನೆಯದೊಂದನ್ನು ಮುಂದಿಡುತ್ತಾರೆ. ಯಾವ ಕಂಪನಿಯದು ಒಳ್ಳೆಯದು ಎಂಬ ಚರ್ಚೆ ಸದ್ಯಕ್ಕೆ ಬೇಡ. ಡಬ್ಬದ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ಹೇಗೆ ಓದಬೇಕು, ನಮ್ಮ ಬಳಕೆಗೆ ಯಾವುದು ಹೊಂದುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಗೋಣಿಕೊಪ್ಪ ಗ್ಯಾರೇಜ್:

ಸರ್, ಮೊದಲು ಗ್ಲೋವ್ ಬಾಕ್ಸಿನಲ್ಲಿರುವ ಓನರ್ಸ್ ಮ್ಯಾನುಯಲ್ ತೆರೆದು ನೋಡಿ. ನಮ್ಮಲ್ಲಿಗೆ ಬರುವ ಹತ್ತು ಗಾಡಿಗಳಲ್ಲಿ ಎಂಟರ ಮ್ಯಾನುಯಲ್ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಹಾಗೇ ಇರುತ್ತದೆ. ಅದರಲ್ಲಿ ಎರಡು ವಿಷಯಗಳನ್ನು ಗುರುತು ಹಾಕಿಕೊಳ್ಳಿ. ಒಂದು ಆಯಿಲ್‌ನ ಗ್ರೇಡ್, ಅಂದರೆ 15ಡಬ್ಲ್ಯೂ-40, 5ಡಬ್ಲ್ಯೂ-30 ಎಂದು ಬರೆದಿರುವುದು. ಇನ್ನೊಂದು ಅದರ ದರ್ಜೆ, ಅಂದರೆ ಎಪಿಐ ಸಿಐ-4, ಸಿಕೆ-4 ಅಥವಾ ಎಸಿಇಎ ಸಿ3 ಎಂದು ಬರೆದಿರುವುದು (ಎಪಿಐ ಅಮೆರಿಕದ ಸಂಸ್ಥೆ, ಎಸಿಇಎ ಯುರೋಪಿನದು). ಅಂಗಡಿಯಲ್ಲಿ ಬಹುತೇಕರು ಗ್ರೇಡ್ ಮಾತ್ರ ಕೇಳಿ ಡಬ್ಬ ತರುತ್ತಾರೆ. ಬಿಎಸ್6 ಗಾಡಿಯಲ್ಲಿ ದರ್ಜೆ ತಪ್ಪಿದರೆ ಗ್ರೇಡ್ ಸರಿಯಿದ್ದೂ ಪ್ರಯೋಜನವಿಲ್ಲ.

ನಿಮ್ಮ 2014ರ ಗಾಡಿಯ ಮಟ್ಟಿಗೆ ಹೇಳುವುದಾದರೆ, ಆ ಕಾಲದ ಪಿಕಪ್‌ಗಳಿಗೆ ಸಾಮಾನ್ಯವಾಗಿ ನಡೆಯುವುದು 15ಡಬ್ಲ್ಯೂ-40 ಗ್ರೇಡಿನ, ಸಿಐ-4 ಅಥವಾ ಸಿಐ-4 ಪ್ಲಸ್ ದರ್ಜೆಯ ಡೀಸೆಲ್ ಎಂಜಿನ್ ಆಯಿಲ್. ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್ ಹೀಗೆ ಯಾವ ಹೆಸರಿನ ಡಬ್ಬವಾದರೂ ಆಗಬಹುದು, ಮ್ಯಾನುಯಲ್‌ನಲ್ಲಿರುವ ಎರಡೂ ಗುರುತುಗಳು ಅದರ ಮೇಲಿದ್ದರೆ ಸಾಕು. ನಿಮ್ಮ ಬ್ಯಾರಲ್ ಮೇಲೆ ಯಾವ ದರ್ಜೆ ಬರೆದಿದೆ ಎಂಬುದನ್ನು ನೀವು ತಿಳಿಸಿಲ್ಲ. ಅದನ್ನು ನೋಡದೆ ಹೌದು ಅಲ್ಲ ಎನ್ನಲು ಬರುವುದಿಲ್ಲ.

ಹಳೇ ಜೀಪು, ಮಾದಾಪುರ:

ನಮ್ಮ ತಂದೆಯವರ ಕಾಲದಿಂದಲೂ ಜೀಪು, ಟ್ರ್ಯಾಕ್ಟರ್, ಪಿಕಪ್ ಎಲ್ಲಕ್ಕೂ 20ಡಬ್ಲ್ಯೂ-40 ಆಯಿಲನ್ನೇ ಹಾಕುತ್ತ ಬಂದಿದ್ದೇವೆ, ಯಾವ ಎಂಜಿನ್ನೂ ಕೈಕೊಟ್ಟಿಲ್ಲ. ಕೊಡಗಿನ ಏರುತಗ್ಗುಗಳಲ್ಲಿ ಒಂದೂವರೆ ಟನ್ ಹೊತ್ತು ಎರಡನೇ ಗೇರಿನಲ್ಲಿ ಹತ್ತುವ ಎಂಜಿನ್‌ಗೆ ದಪ್ಪ ಆಯಿಲ್ ಬೇಕೇ ಹೊರತು ನೀರಿನಂತೆ ಹರಿಯುವ 5ಡಬ್ಲ್ಯೂ-30 ಅಲ್ಲ ಎಂಬುದು ನನ್ನ ಅಭಿಪ್ರಾಯ. ಹಾಕಿದ ಕೆಲವೇ ದಿನಗಳಲ್ಲಿ ಆಯಿಲ್ ಕಪ್ಪಾದರೆ ಅದು ಕಳಪೆ ಎಂದು ತಿಳಿದು ಮುಂದಿನ ಸಲ ಬೇರೆ ಕಂಪನಿಯದನ್ನು ತರುತ್ತೇನೆ. ಈ ಅಕ್ಷರಗಳ ಲೆಕ್ಕಾಚಾರವೆಲ್ಲ ಬೆಲೆ ಏರಿಸಲು ಮಾಡಿಕೊಂಡ ದಾರಿಯಲ್ಲವೇ?

ಎಂಜಿನ್ ವಿಭಾಗ, ವಿರಾಜಪೇಟೆ:

ಹಳೇ ಜೀಪು ಅವರ ಮಾತಿನಲ್ಲಿ ಅರ್ಧ ನಿಜವಿದೆ. ಎಂಜಿನ್‌ಗಳ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಉದ್ದವಾದರೆ ಕ್ಷಮೆಯಿರಲಿ.

15ಡಬ್ಲ್ಯೂ-40 ಎಂಬಲ್ಲಿ ಕೊನೆಯ 40 ಎಂಬುದು ಎಂಜಿನ್ ಕಾದ ಮೇಲಿನ ದಪ್ಪವನ್ನು ತಿಳಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ ಅದು 12.5ರಿಂದ 16.3 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪ ಅಳೆಯುವ ಮಾನ) ಒಳಗಿರಬೇಕು. 30 ಎಂದಿದ್ದರೆ 9.3ರಿಂದ 12.5ರ ಒಳಗೆ. ಆದ್ದರಿಂದ ಸಂಪಾಜೆ ಘಾಟಿಯನ್ನು ಹತ್ತುತ್ತಿರುವ ಕಾದ ಎಂಜಿನ್‌ನಲ್ಲಿ 15ಡಬ್ಲ್ಯೂ-40 ಮತ್ತು 20ಡಬ್ಲ್ಯೂ-40 ಎರಡೂ ಒಂದೇ ವರ್ಗದ ದಪ್ಪದವು, 20 ಎಂದ ಮಾತ್ರಕ್ಕೆ ಬಿಸಿಯಲ್ಲಿ ಹೆಚ್ಚು ರಕ್ಷಣೆ ಸಿಗುವುದಿಲ್ಲ. ಡಬ್ಲ್ಯೂ ಜೊತೆಗಿರುವ ಅಂಕಿ ತಣ್ಣಗಿನ ಸ್ಥಿತಿಗೆ ಸಂಬಂಧಿಸಿದ್ದು. 15ಡಬ್ಲ್ಯೂ ಆಯಿಲನ್ನು ಸ್ಟಾರ್ಟಿಂಗ್ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯೂ ಆಯಿಲನ್ನು 15 ಡಿಗ್ರಿ ಕೆಳಗೆ. ಮಡಿಕೇರಿಯ ಜನವರಿ ಚಳಿ ಅದರ ಹತ್ತಿರಕ್ಕೂ ಹೋಗದು. ಹೀಗಾಗಿ ನಮ್ಮ ಊರಿನಲ್ಲಿ 15ಡಬ್ಲ್ಯೂ ಧಾರಾಳವಾಗಿ ಸಾಕು. ಆದರೂ ಬೆಳಗಿನ ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಕ್ಷಣಗಳಲ್ಲಿ ಬೇರಿಂಗ್‌ಗಳಿಗೂ ಟರ್ಬೊಗೂ ಆಯಿಲ್ ಎಷ್ಟು ಬೇಗ ತಲುಪುತ್ತದೆ ಎಂಬುದು ಮುಖ್ಯವಾದ್ದರಿಂದ, ಟರ್ಬೊ ಇರುವ ಪಿಕಪ್‌ಗೆ 20ಡಬ್ಲ್ಯೂಗಿಂತ 15ಡಬ್ಲ್ಯೂ ಮೇಲು.

ಆಯಿಲ್ ಬೇಗ ಕಪ್ಪಾಗುವುದರ ಬಗ್ಗೆ ಒಂದು ಮಾತು. ಡೀಸೆಲ್ ಎಂಜಿನ್‌ನಲ್ಲಿ ಹುಟ್ಟುವ ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿರುವುದು ಆಯಿಲ್‌ನ ಕೆಲಸಗಳಲ್ಲೊಂದು. ಮಸಿಯನ್ನು ಹಿಡಿದಿಟ್ಟುಕೊಂಡದ್ದಕ್ಕೇ ಅದು ಕಪ್ಪಾಗುತ್ತದೆ. ಬಣ್ಣ ನೋಡಿ ಕಂಪನಿ ಬದಲಾಯಿಸುವುದು ಆ ಕಂಪನಿಗೆ ಅನ್ಯಾಯ.

ಇನ್ನು ದರ್ಜೆಯ ವಿಷಯ. ಇದು ಬೆಲೆಯ ಆಟವಲ್ಲ. ಸಿಎಫ್-4 1990ರ ಕಾಲದ್ದು, ಸಿಎಚ್-4 1998ರದ್ದು, ಸಿಐ-4 2002ರದ್ದು. ಆಮೇಲೆ ಬಂದ ಸಿಜೆ-4 ದರ್ಜೆಯಲ್ಲಿ ಮೊದಲ ಬಾರಿಗೆ ಸಲ್ಫೇಟೆಡ್ ಬೂದಿಗೆ ಶೇ. 1ರ ಗರಿಷ್ಠ ಮಿತಿ ಹಾಕಿದರು. 2016ರ ಡಿಸೆಂಬರಿನಿಂದ ಜಾರಿಗೆ ಬಂದ ಸಿಕೆ-4ಗೂ ಅದೇ ಮಿತಿಯಿದೆ. ಯುರೋಪಿನ ಎಸಿಇಎ ಸಿ3 ದರ್ಜೆಯಲ್ಲಿ ಅದು ಇನ್ನೂ ಕಡಿಮೆ, ಶೇ. 0.8. ಈ ಬೂದಿ ಬರುವುದು ಆಯಿಲ್‌ಗೆ ಸೇರಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಸಂಯುಕ್ತಗಳಿಂದ.

ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರ್ ಮಾರ್ಗದಲ್ಲಿ ಡಿಪಿಎಫ್ ಎಂಬ ಮಸಿ ಜರಡಿ ಇರುತ್ತದೆ. ಅದರಲ್ಲಿ ಸಿಕ್ಕಿಕೊಂಡ ಮಸಿಯನ್ನು ಎಂಜಿನ್ ತಾನೇ ಸುಮಾರು 600 ಡಿಗ್ರಿಯವರೆಗೆ ಬಿಸಿಯೇರಿಸಿ ಸುಟ್ಟುಹಾಕುತ್ತದೆ. ಆದರೆ ಎಂಜಿನ್ ಒಳಗೆ ಅಷ್ಟಿಷ್ಟು ಉರಿದುಹೋಗುವ ಆಯಿಲ್‌ನಿಂದ ಬಂದ ಬೂದಿ ಎಷ್ಟು ಬಿಸಿ ಮಾಡಿದರೂ ಸುಡುವುದಿಲ್ಲ, ಜರಡಿಯಲ್ಲೇ ಕೂತು ವರ್ಷದಿಂದ ವರ್ಷಕ್ಕೆ ಜಾಗ ತಿನ್ನುತ್ತದೆ. ಬೂದಿಗೆ ಮಿತಿಯೇ ಇಲ್ಲದ ಸಿಐ-4 ಆಯಿಲನ್ನು ಬಿಎಸ್6 ಪಿಕಪ್‌ಗೆ ಹಾಕಿದರೆ ಎಂಜಿನ್ ತಕ್ಷಣಕ್ಕೆ ಏನೂ ತಕರಾರು ಮಾಡದು, ಡಿಪಿಎಫ್ ಮಾತ್ರ ಅವಧಿಗೆ ಮುನ್ನವೇ ಕಟ್ಟಿಕೊಳ್ಳುತ್ತದೆ. ಡಿಪಿಎಫ್ ಬದಲಾಯಿಸುವ ಬೆಲೆ ಕೇಳಿದವರು ಆಯಿಲ್ ಬೆಲೆಯ ಬಗ್ಗೆ ಮತ್ತೆ ಮಾತಾಡುವುದಿಲ್ಲ.

ಆದ್ದರಿಂದ ಸಿದ್ದಾಪುರದವರಿಗೆ ನನ್ನ ಉತ್ತರ: ಒಂದೇ ಬ್ಯಾರಲ್ ಬೇಕೇ ಬೇಕು ಎಂದಾದರೆ ಹೊಸ ಗಾಡಿಯ ದರ್ಜೆಗೆ ತಕ್ಕದ್ದನ್ನು ತನ್ನಿ, ಹಳೆಯದರದ್ದನ್ನಲ್ಲ. ಹೊಸ ಗಾಡಿಯ ಮ್ಯಾನುಯಲ್ 15ಡಬ್ಲ್ಯೂ-40 ಸಿಕೆ-4ಗೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಹಳೆಯದಕ್ಕೂ ಹಾಕಬಹುದು, ಏಕೆಂದರೆ ಸಿಕೆ-4 ತನ್ನ ಹಿಂದಿನ ಸಿಐ-4ರ ಜಾಗವನ್ನು ತುಂಬುವಂತೆ ರೂಪಿಸಿದ ದರ್ಜೆ. ಅದರ ಜೊತೆಗೇ ಬಂದ ಎಫ್‌ಎ-4 ಎಂಬ ದರ್ಜೆ ಹಾಗಲ್ಲ. ಅದು ತೆಳು, ಅದಕ್ಕೆಂದೇ ವಿನ್ಯಾಸಗೊಂಡ ಎಂಜಿನ್‌ಗಳಿಗೆ ಮಾತ್ರ. ಹಳೆಯ ಪಿಕಪ್‌ಗೆ ಅದನ್ನು ಹಾಕಬಾರದು.

ಸೋಮವಾರಪೇಟೆ ಲೋಡ್:

ನಾನು ಬಾಡಿಗೆಗೆ ಓಡಿಸುವ ಬಿಎಸ್6 ಪಿಕಪ್‌ನಲ್ಲಿ ಕಳೆದ ಮಳೆಗಾಲದಲ್ಲಿ ಒಂದು ವಿಚಿತ್ರ ಕಂಡೆ. ಆಯಿಲ್ ಕಡಿಮೆಯಾಗುವ ಬದಲು ಏರುತ್ತಿತ್ತು. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆ ದಾಟಿ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬರುತ್ತಿತ್ತು. ನಾನು ಗಾಡಿ ಬಿಟ್ಟ ಸರ್ವಿಸ್ ಸೆಂಟರ್‌ನವರು ಕಡ್ಡಿಯನ್ನು ಒರೆಸಿಯೂ ನೋಡದೆ, ಕಿಲೋಮೀಟರ್ ಇನ್ನೂ ಬಾಕಿಯಿದೆ ಎಂದು ಕಳಿಸಿಬಿಟ್ಟರು. ಇದು ಯಾವ ಕಾಯಿಲೆ?

ಗೋಣಿಕೊಪ್ಪ ಗ್ಯಾರೇಜ್:

ಅಣ್ಣ, ಇದು ಈಗ ನಮ್ಮ ಜಿಲ್ಲೆಯ ಮಾಮೂಲಿ ದೂರು. ಡಿಪಿಎಫ್ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲನ್ನು ಸಿಲಿಂಡರ್‌ಗೆ ತಡವಾಗಿ ಸಿಂಪಡಿಸುತ್ತದೆ. ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಓಡಿದರೆ ಆ ಕೆಲಸ ಪೂರ್ತಿಯಾಗುತ್ತದೆ. ಶಾಂತಳ್ಳಿ ಕಡೆಯ ತಿರುವುಗಳಲ್ಲಿ ಹತ್ತು ನಿಮಿಷ ಹೋಗಿ ಗಾಡಿ ಆರಿಸಿ, ಮೂಟೆ ಇಳಿಸಿ, ಮತ್ತೆ ಐದು ನಿಮಿಷ ಹೋಗಿ ಆರಿಸಿದರೆ ಅದು ಪ್ರತಿ ಸಲ ನಡುವೆಯೇ ನಿಲ್ಲುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಅದೇ ನೀವು ಕಂಡ ಏರಿಕೆ.

ಆಯಿಲ್ ಏರಿತೆಂದು ಸ್ವಲ್ಪ ತೆಗೆದು ಸರಿಮಾಡಿದರೆ ಆಗದು, ಏಕೆಂದರೆ ಉಳಿದದ್ದೂ ಡೀಸೆಲ್ ಬೆರೆತು ತೆಳುವಾಗಿರುತ್ತದೆ. ಕಿಲೋಮೀಟರ್ ಎಷ್ಟೇ ಬಾಕಿಯಿರಲಿ, ಮೇಲಿನ ಗೆರೆ ದಾಟಿದ ದಿನವೇ ಪೂರ್ತಿ ಇಳಿಸಿ ಹೊಸದು ತುಂಬಬೇಕು. ಮಟ್ಟ ಅತಿಯಾದರೆ ಕ್ರ್ಯಾಂಕ್ ಬಡಿದು ಆಯಿಲ್ ನೊರೆಯಾಗುತ್ತದೆ. ಡಿಪಿಎಫ್ ದೀಪ ಹತ್ತಿದಾಗ ಗಾಡಿಯನ್ನು ಆರಿಸದೆ, ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆಗೆ ನೇರ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದರೆ ಬಹಳಷ್ಟು ಸಲ ಅದು ತಾನಾಗಿಯೇ ಆರುತ್ತದೆ. ಆ ಡೀಸೆಲ್ ಖರ್ಚು ದಂಡವಲ್ಲ.

ಮಟ್ಟ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ನಮ್ಮ ತೋಟಗಳಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಗಾಡಿಯನ್ನು ಅಲ್ಲಿಗೆ ತಂದು, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಬೇಕು. ಲೈನ್ ಮನೆ ಪಕ್ಕದ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಂತ ಗಾಡಿಯ ಕಡ್ಡಿ ಸುಳ್ಳು ಹೇಳುತ್ತದೆ.

ಸಿದ್ದಾಪುರದ ಬೆಳೆಗಾರ:

ಬಹಳ ಉಪಯುಕ್ತವಾದ ಮಾಹಿತಿ. ಬ್ಯಾರಲ್ ನೋಡಿಸಿದೆ, ಅದರ ಮೇಲೆ ಸಿಎಫ್-4 ಎಂದಿದೆ. ಹಾಗಾದರೆ ಅದು ಟ್ರ್ಯಾಕ್ಟರ್‌ಗೇ ಇರಲಿ. ಇನ್ನೊಂದು ಪ್ರಶ್ನೆ: ಹಳೆಯ ಪಿಕಪ್ ವರ್ಷವಿಡೀ ಓಡಿದರೂ ಕಿಲೋಮೀಟರ್ ತೀರಾ ಕಡಿಮೆ, ಮ್ಯಾನುಯಲ್‌ನಲ್ಲಿ ಹೇಳಿದ ಅಂಕಿ ತಲುಪಲು ಎರಡು ವರ್ಷವೇ ಬೇಕಾಗಬಹುದು. ಅಲ್ಲಿಯವರೆಗೆ ಕಾಯಬಹುದೇ?

ಎಂಜಿನ್ ವಿಭಾಗ, ವಿರಾಜಪೇಟೆ:

ಕಾಯಬಾರದು. ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಪಕ್ಕದಲ್ಲೇ ತಿಂಗಳುಗಳ ಲೆಕ್ಕವೂ ಇರುತ್ತದೆ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕಠಿಣ ಬಳಕೆಗೆ ಗಡುವನ್ನು ಕಡಿತಗೊಳಿಸಬೇಕೆಂದೂ ಬರೆದಿರುತ್ತಾರೆ. ಧೂಳು, ಭಾರ, ಏರುದಾರಿ, ಎಂಜಿನ್ ಪೂರ್ತಿ ಕಾಯುವ ಮೊದಲೇ ಮುಗಿದುಹೋಗುವ ಕಿರು ಓಡಾಟ, ಗಾಡಿ ನಿಂತಲ್ಲೇ ಎಂಜಿನ್ ಓಡಿಸಿಡುವುದು, ಇವೆಲ್ಲ ಕಠಿಣ ಬಳಕೆಯ ಲಕ್ಷಣಗಳು. ಕೊಡಗಿನ ತೋಟದ ಪಿಕಪ್‌ನಲ್ಲಿ ಇವು ಐದೂ ಇವೆ. ಪಲ್ಪರ್ ಮನೆಯ ಮುಂದೆ ಸರತಿಯಲ್ಲಿ ಅರ್ಧ ಗಂಟೆ ಓಡುತ್ತ ನಿಂತ ಎಂಜಿನ್‌ನ ಮೀಟರ್ ಒಂದು ಮೀಟರ್ ಕೂಡ ಮುಂದೆ ಹೋಗುವುದಿಲ್ಲ, ಆಯಿಲ್ ಮಾತ್ರ ಅಷ್ಟು ಹೊತ್ತೂ ದುಡಿದಿರುತ್ತದೆ.

ಇನ್ನೊಂದು ಕಾರಣ ತೇವ. ಡೀಸೆಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಹೊರಟುಹೋಗುತ್ತದೆ, ಕಾಯದಿದ್ದರೆ ಒಳಗೇ ತಣಿದು ಆಯಿಲ್‌ನಲ್ಲಿ ಸೇರಿ ಆಮ್ಲವಾಗಲು ದಾರಿಮಾಡಿಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಇದು ಹೆಚ್ಚು. ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯನ್ನು ಆಯಿಲ್‌ಗೆ ಮೊದಲೇ ತುಂಬಿರುತ್ತಾರೆ, ಅದು ಬಳಕೆಯಲ್ಲಿ ಕರಗುತ್ತ ಹೋಗುತ್ತದೆ. ಹಿಂದೆ ಡೀಸೆಲ್‌ನಲ್ಲಿದ್ದ ಗಂಧಕವೇ ಇದಕ್ಕೆ ದೊಡ್ಡ ಶತ್ರುವಾಗಿತ್ತು. ಬಿಎಸ್3 ಡೀಸೆಲ್‌ನಲ್ಲಿ ಗಂಧಕದ ಮಿತಿ 350 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 350), ಬಿಎಸ್4ರಲ್ಲಿ 50, ಈಗ 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುವ ಬಿಎಸ್6 ಡೀಸೆಲ್‌ನಲ್ಲಿ 10. ಕಡಿಮೆ ಬೂದಿಯ ಆಯಿಲ್ ಹಳೆಯ ಎಂಜಿನ್‌ಗೂ ನಡೆಯುತ್ತದೆ ಎನ್ನಲು ಇದೂ ಒಂದು ಕಾರಣ: ಅದು ಎದುರಿಸಬೇಕಾದ ಗಂಧಕವೇ ಈಗಿಲ್ಲ.

ಗೋಣಿಕೊಪ್ಪ ಗ್ಯಾರೇಜ್:

ನನ್ನ ಗಿರಾಕಿಗಳಿಗೆ ಹೇಳುವುದು ಇಷ್ಟು. ತೋಟದ ಒಳಗೇ ಓಡುವ ಪಿಕಪ್‌ಗೆ ಮೀಟರ್ ನೋಡಬೇಡಿ, ಕಾಲ ನೋಡಿ. ಮಳೆ ನಿಂತು ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ ಒಮ್ಮೆ, ರೊಬಸ್ಟಾ ಮತ್ತು ಮೆಣಸಿನ ಕೆಲಸ ಮುಗಿದ ಮೇಲೆ ಒಮ್ಮೆ ಆಯಿಲ್ ಬದಲಾಯಿಸಿ. ಫಿಲ್ಟರನ್ನೂ ಪ್ರತಿ ಸಲ ಬದಲಾಯಿಸಬೇಕು, ಫಿಲ್ಟರ್ ಉಳಿಸಿ ಆಯಿಲ್ ಬದಲಾಯಿಸುವುದರಲ್ಲಿ ಅರ್ಥವಿಲ್ಲ. ಫೆಬ್ರುವರಿ, ಮಾರ್ಚ್‌ನ ಕೆಂಪು ಧೂಳಿನಲ್ಲಿ ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ಧೂಳು ಪಿಸ್ಟನ್ ರಿಂಗನ್ನು ಉಜ್ಜಿಹಾಕುತ್ತದೆ.

ಮಳೆಗಾಲದಲ್ಲಿ ಆಯಿಲ್ ತುಂಬುವ ಮುಚ್ಚಳದ ಒಳಗೆ ಬಿಳಿ ಬೆಣ್ಣೆಯಂಥ ಅಂಟು ಕಂಡರೆ ಗಾಬರಿ ಬೇಡ, ಅದು ತಣಿದ ತೇವ. ಅದೇ ಬಿಳಿ ಡಿಪ್‌ಸ್ಟಿಕ್‌ನಲ್ಲೂ ಕಂಡು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸಿ ಫೋನ್ ಮಾಡಿ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಹಳೇ ಜೀಪು, ಮಾದಾಪುರ:

ಬಿಎಸ್6 ಗಾಡಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ನಮ್ಮಲ್ಲಿ ಅಂಥ ಗಾಡಿ ಇಲ್ಲ. ನನ್ನ ಜೀಪಿಗೆ ಮಾತ್ರ 20ಡಬ್ಲ್ಯೂ-40 ಬಿಡುವುದಿಲ್ಲ, ಅದಕ್ಕೆ ಟರ್ಬೊನೂ ಇಲ್ಲ, ಜರಡಿಯೂ ಇಲ್ಲ. ಫುಲ್ ಸಿಂಥೆಟಿಕ್ ಹಾಕಿದರೆ ಎರಡು ಪಟ್ಟು ಓಡುತ್ತದೆ ಎಂದು ಅಂಗಡಿಯವರು ಹೇಳುತ್ತಾರಲ್ಲ, ಅದು ಹೌದೇ? ಹಾಗೆಯೇ ಇಳಿಸಿದ ಹಳೆಯ ಆಯಿಲನ್ನು ನಾವು ಬೇಲಿ ಗೂಟಕ್ಕೆ, ಮರದ ತೊಲೆಗೆ ಗೆದ್ದಲು ಹತ್ತದಂತೆ ಬಳಿಯುತ್ತೇವೆ. ಅದರಲ್ಲಿ ತಪ್ಪೇನಿದೆ?

ಎಂಜಿನ್ ವಿಭಾಗ, ವಿರಾಜಪೇಟೆ:

ನಿಮ್ಮ ಜೀಪಿಗೆ ಅದೇ ಇರಲಿ, ನನ್ನ ತಕರಾರಿಲ್ಲ. ಸಿಂಥೆಟಿಕ್ ಆಯಿಲ್ ಬಿಸಿಯಲ್ಲಿ ಬೇಗ ಕೆಡುವುದಿಲ್ಲ, ಟರ್ಬೊಗೆ ಒಳ್ಳೆಯದು. ಆದರೆ ಅದರಲ್ಲಿ ಬೆರೆಯುವ ಡೀಸೆಲ್, ತೇವ, ಧೂಳು ಅಷ್ಟೇ ಇರುತ್ತವೆ. ಆದ್ದರಿಂದ ಗಡುವನ್ನು ಎರಡು ಪಟ್ಟು ಮಾಡಲು ತೋಟದ ಗಾಡಿಯಲ್ಲಿ ಅವಕಾಶವಿಲ್ಲ. ಮ್ಯಾನುಯಲ್ ಕೇಳಿದ್ದರೆ ಹಾಕಿ, ಕೇಳದಿದ್ದರೆ ಆ ಹಣದಲ್ಲಿ ಇನ್ನೊಂದು ಸಲ ಮಾಮೂಲಿ ಆಯಿಲ್ ಬದಲಾಯಿಸಿ.

ಪೊನ್ನಂಪೇಟೆಯಿಂದ:

ಹಳೆಯ ಆಯಿಲ್ ಬಗ್ಗೆ ನಾನು ಉತ್ತರಿಸುತ್ತೇನೆ. ಗೂಟಕ್ಕೆ ಬಳಿದ ಆಯಿಲ್ ಮೊದಲ ಮಳೆಗೇ ತೊಳೆದು ಮಣ್ಣಿಗಿಳಿಯುತ್ತದೆ. ನಮ್ಮ ತೋಟದ ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ, ನಿಮ್ಮದು ಹಾರಂಗಿಗೆ, ಕೊನೆಗೆ ಎರಡೂ ಕಾವೇರಿಗೇ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಸವೆದ ಲೋಹದ ಪುಡಿಯೂ ಸುಟ್ಟ ಇಂಧನದ ಅಂಶಗಳೂ ಇರುವುದರಿಂದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರಿಗೆ ಬಳಸಿದ ಆಯಿಲ್‌ನ ಮರುಸಂಸ್ಕರಣೆಯ ಹೊಣೆಯನ್ನೂ ವಹಿಸಲಾಗಿದೆ. ಅದನ್ನು ಸಂಸ್ಕರಿಸಿ ಮತ್ತೆ ಬೇಸ್ ಆಯಿಲ್ ಮಾಡಬಹುದು, ಚೆಲ್ಲುವ ವಸ್ತುವಲ್ಲ. ನಾವು ಇಳಿಸಿದ್ದನ್ನು ಅದೇ ಖಾಲಿ ಡಬ್ಬಕ್ಕೆ ತುಂಬಿ, ನೀರು ಬೆರೆಯದಂತೆ ಮುಚ್ಚಿ, ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಕೊಟ್ಟುಬಿಡುತ್ತೇವೆ.

ಗೋಣಿಕೊಪ್ಪ ಗ್ಯಾರೇಜ್:

ಸರಿಯಾದ ಮಾತು. ಕೊಟ್ಟರೆ ನಾವು ನಮ್ಮ ಡ್ರಮ್ಮಿಗೆ ಸೇರಿಸಿ, ಅನುಮತಿ ಇರುವ ಸಂಗ್ರಾಹಕರಿಗೆ ಒಪ್ಪಿಸುತ್ತೇವೆ. ಹೊಸ ಆಯಿಲ್‌ನ ಖಾಲಿ ಡಬ್ಬಗಳನ್ನು ಮಾತ್ರ ಗುಜರಿಗೆ ಹಾಗೇ ಹಾಕಬೇಡಿ, ಚಾಕುವಿನಿಂದ ಅಡ್ಡಕ್ಕೆ ಸೀಳಿಬಿಡಿ. ಅಸಲಿ ಡಬ್ಬಕ್ಕೆ ನಕಲಿ ಆಯಿಲ್ ತುಂಬಿ ಮಾರುವವರಿಗೆ ಬೇಕಾಗಿರುವುದು ಅದೇ. ಕೊಳ್ಳುವಾಗ ಮುಚ್ಚಳದ ಕೆಳಗಿನ ಅಲ್ಯೂಮಿನಿಯಂ ಸೀಲ್, ಬ್ಯಾಚ್ ನಂಬರ್, ತಯಾರಿಕೆಯ ತಿಂಗಳು ನೋಡಿ, ಬಿಲ್ ಕೇಳಿ ಪಡೆಯಿರಿ. ವಾರಂಟಿ ಇರುವ ಗಾಡಿಯಾದರೆ ಆ ಬಿಲ್ಲೇ ನಿಮ್ಮ ಸಾಕ್ಷಿ.

ಸಿದ್ದಾಪುರದ ಬೆಳೆಗಾರ:

ಹೊಸ ಗಾಡಿಯ ಮ್ಯಾನುಯಲ್ ತೆರೆದು ನೋಡಿದೆ, 5ಡಬ್ಲ್ಯೂ-30, ಎಸಿಇಎ ಸಿ3 ಎಂದಿದೆ. ಆದ್ದರಿಂದ ಒಂದೇ ಬ್ಯಾರಲ್‌ನ ಆಲೋಚನೆ ಕೈಬಿಟ್ಟೆ. ಹಳೆಯದಕ್ಕೆ 15ಡಬ್ಲ್ಯೂ-40 ಸಿಐ-4 ಪ್ಲಸ್ ಡಬ್ಬ, ಹೊಸದಕ್ಕೆ ಸಿ3 ಡಬ್ಬ, ಟ್ರ್ಯಾಕ್ಟರ್‌ಗೆ ಬ್ಯಾರಲ್. ಸ್ಟೋರಿನಲ್ಲಿ ಅದಲುಬದಲಾಗದಂತೆ ತೋಟದ ಲೆಕ್ಕ ನೋಡುವ ರೈಟರ್ ಮೂರಕ್ಕೂ ಬೇರೆ ಬೇರೆ ಬಣ್ಣ ಬಳಿಸುತ್ತಿದ್ದಾರೆ. ಕೊನೆಯದಾಗಿ ಒಂದು ಸಂದೇಹ: ದಾರಿಯಲ್ಲಿ ಹೊಸ ಗಾಡಿಯ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದು, ಮಾಕುಟ್ಟದಂಥ ಕಡೆ ಸಿ3 ಸಿಗದಿದ್ದರೆ ಏನು ಮಾಡುವುದು?

ಎಂಜಿನ್ ವಿಭಾಗ, ವಿರಾಜಪೇಟೆ:

ಸಿಕ್ಕಿದ ಡೀಸೆಲ್ ಎಂಜಿನ್ ಆಯಿಲನ್ನು ಗೆರೆಗಳ ನಡುವೆ ಬರುವಷ್ಟು ಮಾತ್ರ ಹಾಕಿ ಮುಂದುವರಿಯಿರಿ, ಸಾಧ್ಯವಾದರೆ ಸಿಕೆ-4 ಎಂದಿರುವುದನ್ನು ಆರಿಸಿ. ಆಯಿಲ್ ಕಡಿಮೆಯಿಟ್ಟು ಘಾಟಿ ಓಡಿಸುವುದು ಎಂಜಿನ್‌ಗೆ ಆ ಕ್ಷಣದ ಅಪಾಯ, ಒಂದು ಲೀಟರ್ ಬೇರೆ ದರ್ಜೆ ಬೆರೆತರೆ ಆಗುವ ನಷ್ಟ ಅದರ ಮುಂದೆ ಅಲ್ಪ. ಎಪಿಐ ದರ್ಜೆಯ ಎಂಜಿನ್ ಆಯಿಲ್‌ಗಳು ಒಂದರೊಡನೊಂದು ಬೆರೆಯುವಂತೆಯೇ ಇರುತ್ತವೆ, ಮೊಸರಿನಂತೆ ಒಡೆಯುವುದಿಲ್ಲ. ಊರಿಗೆ ಬಂದ ಮೇಲೆ ಮುಂದಿನ ಬದಲಾವಣೆಯನ್ನು ಸ್ವಲ್ಪ ಮುಂಚಿತವಾಗಿ ಮಾಡಿಸಿ. ಇನ್ನೂ ಸುಲಭದ ದಾರಿಯೆಂದರೆ, ಸೀಲ್ ಒಡೆಯದ ಒಂದು ಲೀಟರ್ ಸಿ3 ಡಬ್ಬವನ್ನು ಸೀಟಿನ ಹಿಂದೆ ಜಾಕ್ ಜೊತೆಯಲ್ಲೇ ಇಟ್ಟುಕೊಳ್ಳುವುದು.